‘ಹೈಬ್ರಿಡ್ ರಾಗಿ’ ಎಂಬ ಫಾರ್ವರ್ಡ್ ಮತ್ತು ನಮ್ಮ ಮುದ್ದೆಯ ಹಿಂದಿನ ಜನ

ರಾಗಿಯ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ವರ್ಷವಿಡೀ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತಿರುತ್ತವೆ. ಒಂದು ಬಗೆಯದು ಹೆದರಿಸುತ್ತದೆ. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಹೈಬ್ರಿಡ್ ರಾಗಿ, ಹೊರದೇಶದವರು ಲ್ಯಾಬಿನಲ್ಲಿ ತಯಾರಿಸಿದ್ದು, ಅಜ್ಜನ ಕಾಲದ ನಾಟಿ ರಾಗಿಯ ಸತ್ವ ಇದರಲ್ಲಿಲ್ಲ ಎಂದು ಹೇಳಿ ‘ಎಲ್ಲ ಗ್ರೂಪಿಗೂ ಕಳಿಸಿ’ ಎಂದು ಮುಗಿಸುತ್ತದೆ. ಇನ್ನೊಂದು ಬಗೆಯದು ಹೆಮ್ಮೆಪಡಿಸುತ್ತದೆ. ಅದರಲ್ಲಿ ಒಬ್ಬ ವಿಜ್ಞಾನಿಯ ಹಳೆಯ ಫೋಟೊ ಇರುತ್ತದೆ, ಅವರೊಬ್ಬರೇ ನಾಡಿನ ಹಸಿವು ನೀಗಿಸಿದರು ಎಂಬ ನಾಲ್ಕು ಸಾಲು ಇರುತ್ತದೆ.

ಇವೆರಡೂ ಒಂದೇ ವಿಷಯದ ಕುರಿತಾದವು ಎಂಬುದು ಕಳಿಸುವವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮೊದಲ ಸಂದೇಶ ಬೈಯುವ ರಾಗಿಯನ್ನೇ ಎರಡನೆಯ ಸಂದೇಶ ಹೊಗಳುತ್ತಿರುತ್ತದೆ. ಆ ರಾಗಿ ಎಲ್ಲಿಂದ ಬಂತು, ಯಾರ ಕೈಯಲ್ಲಿ ಬೆಳೆಯಿತು ಎಂದು ನೋಡೋಣ. ಇದು ಬರೀ ಇತಿಹಾಸದ ಮಾತಲ್ಲ. ‘ಹೈಬ್ರಿಡ್’ ಎಂಬ ಪದವನ್ನು ನಂಬಿ ಮನೆಯ ಬೀಜ ಮಾರಿಬಿಡುವ ರೈತನಿಗೂ, ‘ನಾಟಿ’ ಎಂಬ ಚೀಟಿ ನೋಡಿ ಕಿಲೊಗೆ ಹೆಚ್ಚು ದುಡ್ಡು ಕೊಡುವ ಗ್ರಾಹಕನಿಗೂ ಇಲ್ಲಿ ನೇರ ನಷ್ಟ ಇದೆ.

ಇಂಡಾಫ್ ಅಂದರೆ ಏನು?

ಮಂಡ್ಯ, ಮೈಸೂರು, ತುಮಕೂರು, ಹಾಸನ, ರಾಮನಗರದ ಕಡೆ ಐವತ್ತು ದಾಟಿದ ರೈತರನ್ನು ಕೇಳಿದರೆ ‘ಇಂಡಾಫ್’ ಎಂಬ ಹೆಸರು ತಟ್ಟನೆ ಬರುತ್ತದೆ. ಇಂಡಾಫ್-5, ಇಂಡಾಫ್-8, ಇಂಡಾಫ್-9 ಎಂದು ನಂಬರು ಸಮೇತ ಹೇಳುವವರಿದ್ದಾರೆ. ಇಂಗ್ಲಿಷಿನಂತೆ ಕೇಳುವ ಈ ಪದದ ಒಳಗೆ ಎರಡು ಊರಿನ ಹೆಸರಿದೆ. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಪಡೆದ ತಳಿಗಳ ಸರಣಿ ಇದು. ನಡೆದದ್ದು ಮಂಡ್ಯದ ವಿ.ಸಿ. ಫಾರ್ಮಿನಲ್ಲಿ, 1960ರ ದಶಕದ ಮಧ್ಯದಿಂದ ಸುಮಾರು ಎರಡು ದಶಕ. ಮುಂದೆ ನಿಂತು ಮಾಡಿಸಿದವರು ಸಿ.ಎಚ್. ಲಕ್ಷ್ಮಣಯ್ಯ. 1921ರಲ್ಲಿ ಮೈಸೂರು ಸೀಮೆಯಲ್ಲಿ ಹುಟ್ಟಿದ ಅವರು 1993ರಲ್ಲಿ ತೀರಿಕೊಂಡರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೂ ‘ರಾಗಿ ಬ್ರಹ್ಮ’ ಎಂದೂ ಕರೆದರು. ಫಾರ್ವರ್ಡ್‌ನ ಫೋಟೊದಲ್ಲಿರುವುದು ಸಾಮಾನ್ಯವಾಗಿ ಇವರೇ.

ಆಫ್ರಿಕಾದ ರಾಗಿಯನ್ನೇ ಯಾಕೆ ತಂದರು? ನಮ್ಮ ಕಡೆಯ ರಾಗಿ ಚೆನ್ನಾಗಿ ತೆಂಡೆ ಒಡೆಯುತ್ತಿತ್ತು, ನಮ್ಮ ಮಳೆಗೆ ಹೊಂದಿಕೊಂಡಿತ್ತು, ಬೇಗ ಕೊಯ್ಲಿಗೆ ಬರುತ್ತಿತ್ತು. ತೆನೆ ಮಾತ್ರ ಹಗುರ. ಆಫ್ರಿಕಾದ ರಾಗಿಗೆ ದಪ್ಪ ಕಾಂಡ, ತೂಕದ ತೆನೆ, ರೋಗ ತಡೆಯುವ ಗುಣ ಇದ್ದವು. ಆದರೆ ಅದಕ್ಕೆ ಕಾಲ ಹೆಚ್ಚು ಬೇಕು, ತೆಂಡೆ ಕಡಿಮೆ. ಒಂದರ ಒಳ್ಳೆಯದು ಇನ್ನೊಂದರಲ್ಲಿಲ್ಲ. ಎರಡರ ಒಳ್ಳೆಯ ಗುಣ ಒಂದೇ ಪೈರಿಗೆ ಬಂದರೆ ಎಂಬ ಆಸೆಯೇ ಇಂಡಾಫ್.

‘ಹೊರದೇಶದ ರಾಗಿ’ ಎಂದು ಮೂಗು ಮುರಿಯುವ ಮುಂಚೆ ಇನ್ನೊಂದು ಮಾತು ತಿಳಿದಿರಲಿ. ರಾಗಿಯ ತವರೇ ಆಫ್ರಿಕಾ. ಇಥಿಯೋಪಿಯಾ ಮತ್ತು ಉಗಾಂಡದ ಎತ್ತರದ ನಾಡಿನಲ್ಲಿ ಸಾವಿರಾರು ವರ್ಷಗಳ ಹಿಂದೆ ಕಾಡುಹುಲ್ಲೊಂದನ್ನು ಅಲ್ಲಿನ ಜನ ಬೆಳೆಯಾಗಿ ಪಳಗಿಸಿದರು. ಅಲ್ಲಿಂದ ಅದು ಭಾರತಕ್ಕೆ ಬಂತು. ಇಥಿಯೋಪಿಯಾದಲ್ಲಿ ಇವತ್ತಿಗೂ ‘ದಗುಸಾ’ ಎಂದು ರಾಗಿಯನ್ನು ಬೆಳೆದು ತಿನ್ನುತ್ತಾರೆ, ಕೀನ್ಯಾದಲ್ಲಿ ‘ವಿಂಬಿ’ ಎಂದು ಗಂಜಿ ಕಾಯಿಸುತ್ತಾರೆ. ಹಾಗಾಗಿ ಮಂಡ್ಯದಲ್ಲಿ ನಡೆದದ್ದು ಬಹಳ ಹಿಂದೆ ಬೇರೆಯಾದ ದಾಯಾದಿಗಳ ನಡುವಿನ ಸಂಬಂಧ ಅಷ್ಟೆ.

ಶುರುವಾದದ್ದು ಹೆಬ್ಬಾಳದಲ್ಲಿ

ಲಕ್ಷ್ಮಣಯ್ಯನವರು ಖಾಲಿ ಹೊಲದಲ್ಲಿ ಕೆಲಸ ಶುರು ಮಾಡಿದವರಲ್ಲ. 1899ರಲ್ಲಿ ಮೈಸೂರು ಸಂಸ್ಥಾನದ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ ಬೇಸಾಯದ ಪ್ರಯೋಗಕ್ಕೆಂದು 30 ಎಕರೆ ಜಮೀನು ಕೊಟ್ಟರು. ಆಗ ಈ ನಾಡಿನಲ್ಲಿ ಬರ ಹೊಸದೇನಾಗಿರಲಿಲ್ಲ. 1876ರಿಂದ 78ರವರೆಗಿನ ಬರವನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ಕಾಲ ಅದು.

1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ತರುಣ ಸಂಸ್ಥಾನದ ನೌಕರಿಗೆ ಬಂದರು. ಬೆಳೆಗಳ ರೋಗ ಮತ್ತು ಕೀಟ ಅವರ ವಿಷಯ. ಮಲೆನಾಡಿನ ಅಡಕೆ ತೋಟದವರಿಗೆ ಇವರ ಹೆಸರು ಗೊತ್ತಿಲ್ಲದಿದ್ದರೂ ಇವರ ಕೆಲಸ ಗೊತ್ತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ರೂಢಿ ಇಲ್ಲಿ ಬಂದದ್ದು ಅವರಿಂದ. ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಅವರ ಕಾಲದಲ್ಲಿ, 1913ರಲ್ಲಿ, ರಾಗಿಯ ತಳಿ ಕೆಲಸ ಕ್ರಮವಾಗಿ ಶುರುವಾಯಿತು. ರೈತರ ಹೊಲದಿಂದ ತಂದ ಬೀಜದಲ್ಲಿ ಹತ್ತು ಬಗೆ ಬೆರೆತಿರುತ್ತಿತ್ತು. ಅದರಲ್ಲಿ ಚೆನ್ನಾಗಿ ನಿಂತ ಒಂದು ಗಿಡವನ್ನು ಆರಿಸಿ, ಅದರ ಬೀಜವನ್ನು ಬೇರೆ ಬಿತ್ತಿ, ಮತ್ತೆ ಆರಿಸಿ ಸಾಲು ಶುದ್ಧಮಾಡುವುದು. ಹೀಗೆ 1918ರಲ್ಲಿ ಬಂದ ತಳಿ ಎಚ್-22, ಅಂದರೆ ಹೆಬ್ಬಾಳ 22. ಭಾರತದಲ್ಲಿ ಬಿಡುಗಡೆಯಾದ ಮೊದಲ ರಾಗಿ ತಳಿ ಎಂದು ದಾಖಲೆಗಳು ಹೇಳುವುದು ಇದನ್ನೇ.

ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಕಡೆ ಹರಿದಾಗ ಹೊಸ ಪ್ರಶ್ನೆ ಎದ್ದಿತು. ಮಳೆ ನೋಡಿ ಬಿತ್ತುತ್ತಿದ್ದ ಜನ ನಾಲೆಯ ನೀರಿನಲ್ಲಿ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು? ಅದಕ್ಕೆಂದೇ 1931ರಲ್ಲಿ ಮಂಡ್ಯದ ಹತ್ತಿರ ಪ್ರಯೋಗ ಕ್ಷೇತ್ರ ಹುಟ್ಟಿತು. ಇರ್ವಿನ್ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆ ಆಯಿತು, ಕ್ಷೇತ್ರಕ್ಕೆ ವಿ.ಸಿ. ಫಾರ್ಮ್ ಎಂಬ ಹೆಸರು ನಿಂತಿತು. ಮುಂದೆ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಲಯ ಸಂಶೋಧನಾ ಕೇಂದ್ರವಾಗಿತ್ತು. ಇಂಡಾಫ್‌ಗೆ ಮೊದಲೇ ಅಲ್ಲಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ರೈತರಿಗೆ ಹೋಗಿದ್ದವು. ಅವು ಕೂಡ ಲಕ್ಷ್ಮಣಯ್ಯನವರ ಕೆಲಸವೇ. ಹೆಸರುಗಳನ್ನು ನೋಡಿ, ಮನೆ ಮಕ್ಕಳಿಗೆ ಇಟ್ಟ ಹಾಗಿವೆ.

ಇಷ್ಟೂ ಕಡೆ ಎಲ್ಲಿಯೂ ‘ಹೊರದೇಶದ ಕಂಪನಿ’ ಬರಲಿಲ್ಲ ಎಂಬುದನ್ನು ಗಮನಿಸಿ. ಮೊದಲು ಸಂಸ್ಥಾನದ ದುಡ್ಡು, ಆಮೇಲೆ ಸರ್ಕಾರದ ದುಡ್ಡು.

ಕಣ್ಣಿಗೆ ಕಾಣದಷ್ಟು ಸಣ್ಣ ಹೂವು

ಎರಡು ರಾಗಿಯನ್ನು ಕೂಡಿಸುವುದು ಎಂದು ಬರೆದುಬಿಡುವುದು ಸುಲಭ. ಮಾಡಿ ನೋಡಿದವರಿಗೆ ಗೊತ್ತು ಕಷ್ಟ. ರಾಗಿ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿ. ಮುಷ್ಟಿಯ ಬೆರಳುಗಳಂತೆ ಕೆಲವು ಇಲುಕುಗಳಿರುತ್ತವೆ. ಒಂದೊಂದು ಇಲುಕಿನಲ್ಲೂ ಸಾಲಾಗಿ ಪುಟ್ಟ ಗೊಂಚಲು, ಪ್ರತಿ ಗೊಂಚಲಿನಲ್ಲಿ ಹಲವು ಹೂವು. ಒಂದೊಂದು ಹೂವಿನಲ್ಲೂ ಗಂಡು ಭಾಗ, ಹೆಣ್ಣು ಭಾಗ ಎರಡೂ ಇರುತ್ತವೆ. ಬೆಳಗಿನ ಜಾವದಲ್ಲಿ ಹೂವು ಬಿರಿಯುವ ಹೊತ್ತಿಗೆ ತನ್ನ ಪರಾಗವೇ ತನ್ನ ಮೇಲೆ ಬಿದ್ದು ಕಾಳು ಕಟ್ಟುವ ಕೆಲಸ ಮುಗಿದಿರುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಕಾಳು ಹೀಗೆಯೇ ಹುಟ್ಟುವುದು. ಜೇನು, ಗಾಳಿ, ಪಕ್ಕದ ಗಿಡ ಯಾವುದರ ಹಂಗೂ ಇಲ್ಲ.

ಇಂಥ ಬೆಳೆಯಲ್ಲಿ ಬೇರೆ ತಳಿಯ ಪರಾಗ ಬೀಳಿಸಬೇಕಾದರೆ ಹೂವು ತಾನೇ ಬಿರಿಯುವ ಮುಂಚೆ ಅದರ ಗಂಡು ಭಾಗವನ್ನು ತೆಗೆಯಬೇಕು. ಮಸೂರದ ಕೆಳಗಿಟ್ಟು ಸೂಜಿಯಂಥ ಚಿಮುಟದಿಂದ ತೆಗೆಯಬೇಕಾದಷ್ಟು ಸಣ್ಣ ಭಾಗ ಅದು. ಅದಕ್ಕೆ ಬದಲಾಗಿ ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಪರಾಗವನ್ನು ಸಾಯಿಸುವ ವಿಧಾನವೂ ಬಂತು. ನೀರು ತುಸು ಹೆಚ್ಚು ಸುಟ್ಟರೆ ಹೆಣ್ಣು ಭಾಗವೂ ಸಾಯುತ್ತದೆ, ಕಡಿಮೆಯಾದರೆ ಪರಾಗ ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಸರಳ, ಹಳ್ಳಿಯವರ ಬುದ್ಧಿಗೆ ಹತ್ತಿರದ್ದು. ಹೂವಿಗೆ ಬಂದ ಎರಡು ತಳಿಯ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿಬಿಡುವುದು. ನೂರಾರು ಕಾಳಿನಲ್ಲಿ ಎಲ್ಲೋ ಕೆಲವು ಮಾತ್ರ ಕೂಡಿದ ಕಾಳಾಗಿರುತ್ತವೆ.

ಆ ಕೆಲವನ್ನು ಪತ್ತೆ ಹಚ್ಚುವುದು ಹೇಗೆ? ಅದಕ್ಕೊಂದು ಜಾಣತನ ಇದೆ. ತಾಯಿ ಗಿಡವಾಗಿ ಪೂರಾ ಹಸಿರು ಬಣ್ಣದ ತಳಿಯನ್ನೂ ತಂದೆ ಗಿಡವಾಗಿ ಗಿಣ್ಣಿನಲ್ಲಿ ನೇರಳೆ ಬಣ್ಣ ಇರುವ ತಳಿಯನ್ನೂ ಆರಿಸಿಕೊಳ್ಳುತ್ತಾರೆ. ತಾಯಿ ತೆನೆಯ ಕಾಳನ್ನು ಬಿತ್ತಿದಾಗ ಮೇಲೆದ್ದ ಪೈರಿನಲ್ಲಿ ನೇರಳೆ ಬಣ್ಣ ಕಂಡರೆ ಅದೇ ಕೂಡಿದ್ದು. ಉಳಿದ ಹಸಿರು ಪೈರು ಲೆಕ್ಕಕ್ಕಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಆ ಪೈರಿನ ಮಕ್ಕಳು ಒಂದರಂತೆ ಒಂದು ಇರುವುದಿಲ್ಲ. ಕೆಲವು ಅಜ್ಜನ ಹಾಗೆ, ಕೆಲವು ಅಜ್ಜಿಯ ಹಾಗೆ, ಕೆಲವು ಯಾರ ಹಾಗೂ ಇಲ್ಲ. ಸಾವಿರಾರು ಗಿಡ ಬೆಳೆಸಿ, ಬೇಕಾದ್ದನ್ನು ಆರಿಸಿ, ಅದರ ಬೀಜ ಬಿತ್ತಿ, ಮತ್ತೆ ಆರಿಸಿ, ಹೀಗೆ ಆರೇಳು ತಲೆಮಾರು ದಾಟಿದ ಮೇಲೆ ಒಂದು ಸಾಲು ಸ್ಥಿರವಾಗುತ್ತದೆ. ಒಂದು ತಳಿ ಹೊರಬರಲು ಎಂಟು ಹತ್ತು ವರ್ಷ ಬೇಕು ಎನ್ನುವುದು ಈ ಕಾರಣಕ್ಕೆ. ಒಂದೊಂದು ಸಾಲಿನ ಮುಂದೆ ನಿಂತು ಎತ್ತರ ಅಳೆಯುವವರು, ಚೀಟಿ ಕಟ್ಟುವವರು, ಹಕ್ಕಿ ಓಡಿಸುವವರು, ಒಂದು ಸಾಲಿನ ಕಾಳು ಇನ್ನೊಂದಕ್ಕೆ ಬೆರೆಯದಂತೆ ಬಿಡಿಬಿಡಿಯಾಗಿ ಬಡಿದು ಕೇರುವವರು ಇಲ್ಲದೆ ಇದು ನಡೆಯದು. ಈ ಕೂಲಿ ಹೆಣ್ಣಾಳು ಗಂಡಾಳುಗಳ ಹೆಸರು ಯಾವ ತಳಿಯ ಬಿಡುಗಡೆ ಪತ್ರದಲ್ಲೂ ಇರುವುದಿಲ್ಲ. ‘ಒಬ್ಬರೇ ಮಾಡಿದರು’ ಎಂಬ ಫಾರ್ವರ್ಡ್ ಲಕ್ಷ್ಮಣಯ್ಯನವರ ಕೆಲಸವನ್ನು ಹಿಗ್ಗಿಸುವ ಉತ್ಸಾಹದಲ್ಲಿ ಆ ಕೆಲಸ ನಿಜಕ್ಕೂ ಎಂಥದ್ದು ಎಂಬುದನ್ನೇ ಮರೆಮಾಡುತ್ತದೆ ಎಂದು ನಮಗನ್ನಿಸುತ್ತದೆ.

ಬೆಂಕಿ ರೋಗ ಮತ್ತು ಎರಡನೆಯ ತಲೆಮಾರು

ಇಂಡಾಫ್ ತಳಿಗಳಿಂದ ಇಳುವರಿ ಏರಿತು. ಬೇರೆ ಬೇರೆ ಹಂಗಾಮಿಗೆ ಬೇರೆ ಬೇರೆ ತಳಿ ಸಿಕ್ಕಿತು. ಮುಂಗಾರಿಗೆ ಬೇಗ ಬಿತ್ತುವವರಿಗೆ ದೀರ್ಘಾವಧಿಯ ಇಂಡಾಫ್-8, ಮಳೆ ತಡವಾದವರಿಗೆ ಅದಕ್ಕಿಂತ ಬೇಗ ಬರುವ ಇಂಡಾಫ್-5 ಮತ್ತು 9. ಮಳೆ ಕೈಕೊಟ್ಟ ವರ್ಷವೂ ಬಿತ್ತಲು ಒಂದು ದಾರಿ ಉಳಿಯಿತು ಎಂಬುದು ಒಣಭೂಮಿಯ ರೈತನಿಗೆ ಸಣ್ಣ ಮಾತಲ್ಲ. ದೇಶದ ಮಟ್ಟದಲ್ಲಿ ನೋಡಿದರೂ 1950ರ ದಶಕದ ಆರಂಭಕ್ಕೆ ಹೋಲಿಸಿದರೆ ರಾಗಿಯ ಹೆಕ್ಟೇರುವಾರು ಇಳುವರಿ ಈಗ ಸುಮಾರು ಎರಡು ಪಟ್ಟು. ರಾಗಿ ಬಿತ್ತುವ ಭೂಮಿ ಅಷ್ಟು ಕುಗ್ಗಿದರೂ ಮುದ್ದೆ ತಟ್ಟೆಯಿಂದ ಮಾಯವಾಗದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಆದರೆ ಕೆಲವು ಇಂಡಾಫ್ ತಳಿಗಳಿಗೆ ಬೆಂಕಿ ರೋಗ ಸುಲಭವಾಗಿ ತಗಲುತ್ತಿತ್ತು. ಇದು ಶಿಲೀಂಧ್ರದಿಂದ ಬರುವ ರೋಗ, ಭತ್ತದ ಬೆಂಕಿ ರೋಗದ ಬಂಧು. ಎಲೆಯ ಮೇಲೆ ಬಂದರೆ ಪೈರು ತಡೆದುಕೊಳ್ಳುತ್ತದೆ. ತೆನೆಯ ಕುತ್ತಿಗೆಗೆ ಬಂದರೆ ಕತೆ ಮುಗಿಯಿತು. ಕುತ್ತಿಗೆ ಕಪ್ಪಾಗಿ, ಮೇಲಿನ ತೆನೆಗೆ ಸಾರ ಹೋಗದೆ ಕಾಳೆಲ್ಲ ಜೊಳ್ಳು. ಮೋಡ ಮುಸುಕಿದ ತೇವದ ವಾರ ಒಂದು ಸಾಕು.

ಇದಕ್ಕೆ ಉತ್ತರ ಬಂದದ್ದು ಬೆಂಗಳೂರಿನ ಜಿಕೆವಿಕೆಯಿಂದ. 1986ರಿಂದ ಅಲ್ಲಿ ಅಖಿಲ ಭಾರತ ಸಿರಿಧಾನ್ಯ ಸಮನ್ವಯ ಯೋಜನೆಯ ಕೇಂದ್ರ ಇದೆ. ಎ. ಸೀತಾರಾಮ್ ಅವರು ಸಂಯೋಜಕರಾಗಿದ್ದ ಕಾಲದಲ್ಲಿ ಅಲ್ಲಿನ ತಂಡ ಜಿಪಿಯು-28 ಎಂಬ ತಳಿ ಕೊಟ್ಟಿತು. ಕುತ್ತಿಗೆ ಮತ್ತು ಇಲುಕಿನ ಬೆಂಕಿ ರೋಗವನ್ನು ಚೆನ್ನಾಗಿ ತಡೆದುಕೊಂಡ ಅದು 1990ರ ದಶಕದ ಕೊನೆಯಿಂದ ಕರ್ನಾಟಕದ ಹೊಲಗಳನ್ನು ತುಂಬಿತು. ಅದರ ವಂಶಾವಳಿ ತೆಗೆದು ನೋಡಿ. ಒಂದು ಕಡೆ ಇಂಡಾಫ್-5, ಇನ್ನೊಂದು ಕಡೆ ಇಂಡಾಫ್-9 ಮತ್ತು ಐಇ-1012 ಎಂಬ ಸಂಗ್ರಹದ ಸಾಲು. ಮಂಡ್ಯದವರು ಆಮೇಲೆ ಕೊಟ್ಟ ಎಂಎಲ್-365ರಲ್ಲೂ ಇಂಡಾಫ್-5 ಇದೆ. ಇಂಡಾಫ್ ಹೆಸರು ಅಂಗಡಿಯಲ್ಲಿ ಕೇಳಿಸದಿದ್ದರೂ ನಮ್ಮ ಮುದ್ದೆಯಲ್ಲಿ ಅದರ ರಕ್ತ ಹರಿಯುತ್ತಲೇ ಇದೆ.

ತಳಿಗೆ ಮಾರ್ಕು ಹಾಕುವವರು

ವಿಜ್ಞಾನಿ ಕ್ವಿಂಟಲ್ ಲೆಕ್ಕ ಹಾಕುತ್ತಾನೆ, ರೈತ ಇನ್ನೂ ನಾಲ್ಕು ಲೆಕ್ಕ ಹಾಕುತ್ತಾನೆ. ಹಳೆ ಮೈಸೂರು ಭಾಗದಲ್ಲಿ ದನಕ್ಕೆ ವರ್ಷದ ಮೇವು ರಾಗಿ ಹುಲ್ಲು. ಹುಲ್ಲು ಗಿಡ್ಡವಾದರೆ ಬಣವೆ ಸಣ್ಣದಾಗುತ್ತದೆ, ಹುಲ್ಲು ಗಡುಸಾದರೆ ಹಸು ಮೂಸಿ ಬಿಡುತ್ತದೆ. ಕಾಳು ಎಷ್ಟೇ ಸುರಿದರೂ ಇಂಥ ತಳಿಯನ್ನು ಎರಡನೇ ವರ್ಷ ಯಾರೂ ಬಿತ್ತುವುದಿಲ್ಲ. ಆಮೇಲೆ ಮನೆಯ ಹೆಂಗಸರ ಪರೀಕ್ಷೆ. ಹಿಟ್ಟು ಎಷ್ಟು ನೀರು ಕುಡಿಯುತ್ತದೆ, ಮುದ್ದೆ ಕೋಲಿಗೆ ಅಂಟುತ್ತದೋ ಬಿಡುತ್ತದೋ, ರಾತ್ರಿಯ ಮುದ್ದೆ ಬೆಳಿಗ್ಗೆ ಹೇಗಿರುತ್ತದೆ. ಹೊಸ ತಳಿಯನ್ನು ಹಲವು ಊರಿನ ರೈತರ ಹೊಲದಲ್ಲಿ ಬಿತ್ತಿ ನೋಡಿಯೇ ಶಿಫಾರಸು ಮಾಡುವುದು. ಹಾಗೆ ಒಂದು ಗುಂಟೆಯನ್ನೋ ಹತ್ತು ಗುಂಟೆಯನ್ನೋ ಬಿಟ್ಟುಕೊಟ್ಟವರೂ ಈ ಕಾರ್ಯಕ್ರಮದ ಜನವೇ.

ರೈತರು ಬರೀ ಪರೀಕ್ಷಕರಲ್ಲ, ತಾವೇ ಹೊಸತು ಮಾಡಿದ್ದೂ ಇದೆ. ಹಾವೇರಿ ಕಡೆಯ ‘ಗುಳಿ ರಾಗಿ’ ಪದ್ಧತಿ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ದೂರದೂರ ಗೆರೆ ಎಳೆದು, ಗೆರೆ ಕೂಡುವ ಕಡೆ ಒಂದು ಹಿಡಿ ಗೊಬ್ಬರ ಹಾಕಿ ಎರಡೇ ಪೈರು ನೆಡುತ್ತಾರೆ. ಪೈರು ಹಿಡಿದ ಮೇಲೆ ಎತ್ತು ಕಟ್ಟಿ ಅದರ ಮೇಲೆ ಕೊರಡು ಎಳೆಯುತ್ತಾರೆ. ನೋಡಿದವರಿಗೆ ಬೆಳೆ ಹಾಳು ಮಾಡುತ್ತಿದ್ದಾರೆ ಅನ್ನಿಸಬೇಕು. ಆದರೆ ಬಾಗಿದ ಪೈರು ಬುಡದಿಂದ ತೆಂಡೆ ಮೇಲೆ ತೆಂಡೆ ಒಡೆಯುತ್ತದೆ. ಒತ್ತಾಗಿ ಬಿತ್ತಿದ ಹೊಲಕ್ಕಿಂತ ಕಡಿಮೆ ಬೀಜದಲ್ಲಿ ಹೆಚ್ಚು ತೆನೆ.

ಹಾಗಾದರೆ ಇದು ಹೈಬ್ರಿಡ್ ಹೌದೋ ಅಲ್ಲವೋ?

ಗೊಂದಲ ಪೂರಾ ಈ ಒಂದು ಪದದಲ್ಲಿದೆ. ಊರಿನ ಮಾತಿನಲ್ಲಿ ಇಲಾಖೆಯವರು ಕೊಟ್ಟ ಬೀಜವೆಲ್ಲ ಹೈಬ್ರಿಡ್. ಬೀಜಶಾಸ್ತ್ರದಲ್ಲಿ ಆ ಪದಕ್ಕೆ ಬೇರೆ ಅರ್ಥ. ಮುಸುಕಿನ ಜೋಳ, ಸೂರ್ಯಕಾಂತಿಯಂಥ ಬೆಳೆಗಳಲ್ಲಿ ಎರಡು ಸಾಲನ್ನು ಪ್ರತಿ ವರ್ಷ ಹೊಸದಾಗಿ ಕೂಡಿಸಿ, ಆ ಮೊದಲ ತಲೆಮಾರಿನ ಬೀಜವನ್ನೇ ಮಾರುತ್ತಾರೆ. ಅದನ್ನು ಬಿತ್ತಿ ಬಂದ ಕಾಳನ್ನು ಮರುವರ್ಷ ಬಿತ್ತಿದರೆ ಬೆಳೆ ಏರುಪೇರಾಗುತ್ತದೆ. ರೈತ ವರ್ಷವರ್ಷ ಅಂಗಡಿಗೆ ಹೋಗಲೇಬೇಕು.

ರಾಗಿಯಲ್ಲಿ ಅಂಥ ಹೈಬ್ರಿಡ್ ಬೀಜ ಮಾರುಕಟ್ಟೆಯಲ್ಲಿಲ್ಲ. ಆ ಪುಟ್ಟ ಹೂವಿನ ಕಷ್ಟ ಓದಿದಿರಲ್ಲ, ಅದನ್ನು ಎಕರೆಗಟ್ಟಲೆ ಪ್ರತಿ ವರ್ಷ ಮಾಡಲಾಗದು. ಇಂಡಾಫ್ ಆಗಲಿ ಜಿಪಿಯು-28 ಆಗಲಿ ಒಮ್ಮೆ ಕೂಡಿಸಿ, ತಲೆಮಾರುಗಟ್ಟಲೆ ಆರಿಸಿ ಸ್ಥಿರಗೊಳಿಸಿದ ತಳಿಗಳು. ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಯಾದ್ದರಿಂದ ಈ ವರ್ಷದ ಕಣದಿಂದ ಎತ್ತಿಟ್ಟ ಬೀಜ ಮುಂದಿನ ವರ್ಷ ಅದೇ ಗುಣದ ಬೆಳೆ ಕೊಡುತ್ತದೆ. ಎಕರೆಗೆ ನಾಲ್ಕೈದು ಕಿಲೊ ಬೀಜ ಸಾಕು. ಬೇರೆ ಬೀಜ ಬೆರೆಯದಂತೆ ನೋಡಿಕೊಂಡು, ಮೂರ್ನಾಲ್ಕು ವರ್ಷಕ್ಕೊಮ್ಮೆ ಹೊಸ ಬೀಜ ತಂದರಾಯಿತು. ದೊಡ್ಡ ಬೀಜ ಕಂಪನಿಗಳಿಗೆ ರಾಗಿಯ ಮೇಲೆ ಅಷ್ಟೇನೂ ಪ್ರೀತಿ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ. ಕಾನೂನೂ ರೈತನ ಕಡೆಗಿದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣಾ ಕಾಯಿದೆಯ ಪ್ರಕಾರ ರೈತ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರಾಂಡ್ ಹೆಸರಿನ ಪ್ಯಾಕೆಟ್ಟು ಮಾಡಿ ಮಾರುವಂತಿಲ್ಲ, ಅಷ್ಟೆ.

ಇನ್ನು ‘ಲ್ಯಾಬಿನಲ್ಲಿ ಜೀನ್ ಬದಲಿಸಿದ ರಾಗಿ’ ಎಂಬ ಮಾತು ಪೂರ್ತಿ ಸುಳ್ಳು. ಭಾರತದಲ್ಲಿ ವಾಣಿಜ್ಯ ಬೇಸಾಯಕ್ಕೆ ಅನುಮತಿ ಪಡೆದು ಹೊಲಕ್ಕೆ ಇಳಿದಿರುವ ಜಿಎಂ ಬೆಳೆ ಬಿಟಿ ಹತ್ತಿ, 2002ರಿಂದ. ರಾಗಿ ಆ ಪಟ್ಟಿಯಲ್ಲಿಲ್ಲ. ಸತ್ವದ ಪ್ರಶ್ನೆಗೂ ಚಿಕ್ಕ ಉತ್ತರ ಕೊಡೋಣ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ. ತಳಿಯಿಂದ ತಳಿಗೆ, ಮಣ್ಣಿನಿಂದ ಮಣ್ಣಿಗೆ ಇದು ಹೆಚ್ಚುಕಡಿಮೆ ಆಗುತ್ತದೆ. ಹಳೆಯ ತಳಿಗಳ ನಡುವೆಯೇ ದೊಡ್ಡ ಅಂತರ ಇದೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಸತ್ವ ಹೆಚ್ಚು ಎನ್ನಲು ಬರುವುದಿಲ್ಲ.

ಫಾರ್ವರ್ಡ್‌ನಲ್ಲಿರುವ ನಿಜ

ಹೆದರಿಸುವ ಫಾರ್ವರ್ಡ್‌ನಲ್ಲೂ ಒಂದು ನಿಜ ಇದೆ, ಅದನ್ನು ಬಿಟ್ಟು ಹೋಗುವುದು ಸರಿಯಲ್ಲ. ಉಂಡೆ ರಾಗಿ, ಮಜ್ಜಿಗೆ ರಾಗಿ, ರುದ್ರಜಡೆ, ಕೋಣನ ಕೊಂಬಿನ ರಾಗಿ ಎಂದು ತೆನೆಯ ರೂಪ ನೋಡಿ ಹೆಸರಿಟ್ಟ, ಬಾಯಿರುಚಿ ನೋಡಿ ಉಳಿಸಿಕೊಂಡ ತಳಿಗಳು ಒಂದೊಂದು ಸೀಮೆಯಲ್ಲೂ ಇದ್ದವು. ಹೊಸ ತಳಿ ಹರಡಿದ ಹಾಗೆ ಅವು ಹಿಂದೆ ಸರಿದವು, ಎಷ್ಟೋ ಊರಲ್ಲಿ ಹೆಸರೂ ಉಳಿಯಲಿಲ್ಲ. ಮುಂದಿನ ಬೆಂಕಿ ರೋಗಕ್ಕೆ, ಮುಂದಿನ ಬರಕ್ಕೆ ಬೇಕಾದ ಗುಣ ಅಂಥ ಯಾವುದೋ ಒಂದು ತಳಿಯಲ್ಲಿ ಇರಬಹುದು. ಜಿಪಿಯು-28ಕ್ಕೆ ಬೇಕಾದ ಒಂದು ಸಾಲು ಬಂದದ್ದೇ ಸಂಗ್ರಹದ ಡಬ್ಬಿಯಿಂದ. ಇವತ್ತು ಜಿಕೆವಿಕೆಯ ಸಂಗ್ರಹದಲ್ಲಿ ಸಾವಿರಾರು ರಾಗಿ ಮಾದರಿಗಳಿವೆ. ಬೀಜ ಸಂರಕ್ಷಣೆಯ ಗುಂಪುಗಳೂ ಕೆಲವು ರೈತರೂ ಹಳೆಯ ತಳಿಗಳನ್ನು ಹೊಲದಲ್ಲೇ ಬೆಳೆದು ಉಳಿಸುತ್ತಿದ್ದಾರೆ. ಡಬ್ಬಿಯಲ್ಲಿಟ್ಟ ಬೀಜ ಸಾಯದಿರಬಹುದು, ಆದರೆ ಬದಲಾಗುವ ಮಳೆಯ ಜೊತೆ ತಾನೂ ಬದಲಾಗುವುದು ಹೊಲದಲ್ಲಿರುವ ಬೀಜ ಮಾತ್ರ. ಎರಡೂ ಬೇಕು ಎಂಬುದು ನಮ್ಮ ಅಭಿಪ್ರಾಯ.

ಅಂಗಡಿಯಲ್ಲಿ ‘ನಾಟಿ ರಾಗಿ’ ಎಂದು ಹೆಚ್ಚಿನ ಬೆಲೆ ಹೇಳಿದರೆ ಯಾವ ತಳಿ, ಯಾವ ಊರಿನದು ಎಂದು ಕೇಳಿ. ನಿಜವಾಗಿ ಹಳೆಯ ತಳಿ ಬೆಳೆಯುವವರಿಗೆ ಅದರ ಹೆಸರು ಬಾಯಲ್ಲೇ ಇರುತ್ತದೆ. ನೀವು ರೈತರಾಗಿದ್ದು ರೈತ ಸಂಪರ್ಕ ಕೇಂದ್ರದಿಂದ ಬೀಜ ತರುವುದಾದರೆ ಚೀಲಕ್ಕೆ ಹೊಲಿದ ಚೀಟಿಯ ಬಣ್ಣ ನೋಡಿ. ತಳಿ ಮಾಡಿದ ಕೇಂದ್ರದ ಮೂಲ ಬೀಜಕ್ಕೆ ಚಿನ್ನದ ಹಳದಿ, ಅದರಿಂದ ಬೆಳೆದ ಬುನಾದಿ ಬೀಜಕ್ಕೆ ಬಿಳಿ, ಬಿತ್ತನೆಗೆ ರೈತರಿಗೆ ಕೊಡುವ ಪ್ರಮಾಣಿತ ಬೀಜಕ್ಕೆ ನೀಲಿ. ಆ ನೀಲಿ ಚೀಟಿಯಲ್ಲಿ ತಳಿಯ ಹೆಸರು ಬರೆದಿರುತ್ತದೆ. ಚೀಲ ಬಿಚ್ಚಿದ ಮೇಲೂ ಅದನ್ನು ಎಸೆಯದೆ ಇಟ್ಟುಕೊಳ್ಳಿ. ಬೆಳೆ ಚೆನ್ನಾಗಿ ಬಂದರೆ ಮುಂದಿನ ವರ್ಷ ಪಕ್ಕದ ಹೊಲದವರು ಕೇಳುವುದು ಅದೇ ಹೆಸರನ್ನು.